ತಮ್ಮನ ಕಾಲು

ಸವಾಯಿ ದ್ವೀಪ, ಸಮೋವಾ

ಮಗಳೇ ಮಾಸಿನಾ,

ನೀನು ಕಳಿಸಿದ ರಕ್ತದ ವರದಿಗಳೆರಡೂ, ನನ್ನದೂ ನಿನ್ನಪ್ಪನದೂ, ತಲುಪಿದವು. ಮೈ ಬೆಳೆದರೂ ಸಕ್ಕರೆ ಕಾಯಿಲೆ ಸುಲಭಕ್ಕೆ ಹತ್ತಿರ ಬಾರದ ವಂಶವಾಹಿ ನನ್ನದೆಂದು ಊರಿಗೆಲ್ಲ ಸಾರಿದವನು ನಾನು, ನೂರೈವತ್ತು ಕಿಲೋದ ಗಂಡಸು! "ಒಂದೇ ತಾಯಿ ಹಾಲು ಕುಡ್ದೋರು ಕಣೋ, ಮಾತ್ರೆ ಬಿಸಾಕು, ಕೆಸವಿನ ಗಡ್ಡೆ ತಿನ್ನು" ಎಂದು ನಿನ್ನಪ್ಪನಿಗೆ ಹೇಳಿದವನೂ ನಾನೇ. ಅವನಿಗೆ ಆ ವಂಶವಾಹಿ ಬಂದಿಲ್ಲವಂತೆ.

ಹಿರಿಯರ ಸಭೆಯಲ್ಲಿ ಕಾಲು ಚಾಚುವುದು ಅಪಮಾನ. ಅವನು ಚಕ್ಕಳಮಕ್ಕಳ ಹಾಕಿ ದಿನವಿಡೀ ಅಲುಗದೆ ಕೂತಾಗ "ನೋಡ್ರೋ, ನನ್ ತಮ್ಮ!" ಎಂದು ಎದೆಯುಬ್ಬಿಸಿದೆ. ಆ ಪಾದಕ್ಕೆ ನೋವೇ ತಿಳಿಯುತ್ತಿರಲಿಲ್ಲ, ಅಡಿಯಲ್ಲಿ ಕೊಳೆಯುತ್ತಿತ್ತು.

ಅಣ್ಣ ಹೇಳದೆ ಕಾಲು ಕತ್ತರಿಸಲು ಬಿಡೆನೆಂದು ಆಸ್ಪತ್ರೆಯಲ್ಲಿ ಹಟ ಹಿಡಿದಿದ್ದಾನೆಂದು ಬರೆದಿದ್ದೀಯ. ಕತ್ತರಿಸಲಿ, ಅಣ್ಣ ಹೇಳಿದ್ದಾನೆ ಎಂದು ಹೇಳು. ಒಪ್ಪುತ್ತಾನೆ. ನನ್ನ ಮಾತನ್ನು ಅವನು ಇದುವರೆಗೂ ಮೀರಿಲ್ಲ.

ನಿನ್ನ ದೊಡ್ಡಪ್ಪ,
ತವಿತ