ಒಗೆಯಬಾರದಿದ್ದ ಅಂಗಿ

ಮಾರ್ಚ್ ೪
ಇಡೀ ದಿನ ಹೊಸ ಬಟ್ಟೆ ಹಳತು ಮಾಡುವ ಕೆಲಸ. ಕಾಲರಿಗೆ ಉಪ್ಪುಕಾಗದ ಉಜ್ಜಿ, ಟೀ ಡಿಕಾಕ್ಷನ್‌ನಲ್ಲಿ ಅದ್ದಿ… ಬೆರಳೆಲ್ಲ ಕಂದು. ಸಂಜೆ ಕಾರ್ಮಿಕ ನಾಯಕರ ತಂಗಿ ಬಂದರು. ನಮ್ಮ ಸಿನಿಮಾ ಇವರ ಅಣ್ಣನದೇ ಕಥೆ — ಮಿಲ್ಲಿನ ಕೂಲಿಗಳನ್ನು ಕಟ್ಟಿಕೊಂಡು ಸರ್ಕಾರದ ವಿರುದ್ಧ ಎದ್ದವರು, ಮೆರವಣಿಗೆಯ ಮುಂದೆ ನಿಂತು ಪೊಲೀಸರ ಗುಂಡಿಗೆ ಬಲಿಯಾದವರು. ಆ ದಿನ ತೊಟ್ಟಿದ್ದ ಅಂಗಿಯನ್ನೇ ತಂದಿದ್ದರು. ಭುಜದ ಮೇಲೆ ರಕ್ತದ ಕಲೆ, ಜೇಬಿನಲ್ಲಿ ಇಂಕು.

"ನೋಡ್ಕೊಂಡು ಇಂಥದ್ದೇ ಹೊಲಿಯಮ್ಮ. ಒಗೀಬೇಡ, ಅಷ್ಟೇ. ನಲವತ್ತು ವರ್ಷ ಆಯ್ತು, ಇನ್ನೂ ಅವನ ಬೆವರಿನ ವಾಸನೆ ಇದೆ."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ" ಅಂದೆ. ದೊಡ್ಡ ಬಾಯಿ ನನ್ನದು.

ಮಾರ್ಚ್ ೯
ನಕಲು ಮೂರೂ ಸಿದ್ಧ. ಅಸಲಿಯ ಜೊತೆ ಒಂದೇ ಕಂಬಿಗೆ ನೇತುಹಾಕಿದೆ. ಅಸಲಿ ಯಾವುದೆಂದು ಕೇಳಿದರೆ ಕಾಸ್ಟ್ಯೂಮ್ ಮಾಸ್ಟರ್ ಎರಡು ಸಲ ತಪ್ಪು ಅಂಗಿಗೆ ಬೆರಳು ತೋರಿಸಿದರು. ನಾನು ಹಿಗ್ಗಿ ಹೀರೇಕಾಯಿ.

"ಅಸಲಿಗೆ ಗುರುತಿನ ದಾರ ಕಟ್ಟಿಡು ಮಾರಾಯ್ತಿ."

"ನನಗೆ ಗೊತ್ತಾಗಲ್ವಾ ಸಾರ್?"

ಕಟ್ಟಲಿಲ್ಲ.

ಮಾರ್ಚ್ ೧೨
ಗುಂಡಿನ ಸೀನ್ ಮುಗಿಯಿತು. ಬಣ್ಣದ ರಕ್ತ ಒಣಗುವ ಮೊದಲು ಒಗೆಯಬೇಕು. ಗಡಿಬಿಡಿಯಲ್ಲಿ ಕಂಬಿಯಿಂದ ಎಲ್ಲ ಬಾಚಿ ಮಷೀನಿಗೆ ತುಂಬಿದೆ. ನಾನೇ. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ಒಣಹಾಕುವಾಗ ಒಂದರ ಒಳಗೆ ಕೈಹೊಲಿಗೆ ಕಂಡಿತು. ನಮ್ಮವೆಲ್ಲ ಮಷೀನ್ ಹೊಲಿಗೆ… ಮೂಸಿದೆ. ಬರೀ ಸೋಪು.

ಮಾರ್ಚ್ ೧೩
ಬಾಗಿಲು ಹಾಕಿಕೊಂಡು ಕೂತೆ. ಮಾಸಿದ ಕಲೆಯ ಮೇಲೆ ನನ್ನ ಬಣ್ಣ, ಜೇಬಿಗೆ ನನ್ನ ಇಂಕು, ಕಾಲರಿಗೆ ಡಿಕಾಕ್ಷನ್. ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ. ಥೂ ನನ್ನ ಜನ್ಮಕ್ಕೆ.

ಮಾಸ್ಟರ್‌ಗೆ ಹೇಳಿಲ್ಲ. ಹೇಳಿದರೆ ಕೆಲಸ ಹೋದೀತು… ಅಲ್ಲ, ಅದು ನೆಪ. ಆ ತಂಗಿಯ ಮುಖ ನೋಡುವ ಧೈರ್ಯವಿಲ್ಲ, ಅಷ್ಟೇ.

ಮಾರ್ಚ್ ೨೦
ನಾಯಕರ ತಂಗಿಗೆ ಅಂಗಿ ಒಪ್ಪಿಸಿದೆ. ಬಿಚ್ಚಿಯೂ ನೋಡಲಿಲ್ಲ, ನನ್ನ ತಲೆ ಸವರಿದರು. "ನಿನ್ನಂಥೋಳ ಕೈಗೆ ಸಿಕ್ತಲ್ಲ, ಅದಕ್ಕೇ ನಿಶ್ಚಿಂತೆಯಾಗಿದ್ದೆ ಕಣಮ್ಮ." ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಜೂನ್ ೨
ಇವತ್ತು ಹೇಳಿಬಿಡುವುದೆಂದೇ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕೂರಿಸಿದರು, ನೀರು ಕೊಟ್ಟರು. ಅಂಗಿ ಅವರ ಮಡಿಲಲ್ಲೇ ಇತ್ತು. ನಾನು ಬಾಯಿ ತೆರೆಯುವ ಮುಂಚೆ ಅವರೇ ಶುರು ಮಾಡಿದರು.

"ವಾಸನೆ ಹೋಗ್ಬಿಡ್ತಮ್ಮ. ನನ್ನದೇ ತಪ್ಪು. ದಿನಾ ಪೆಟ್ಟಿಗೆ ತೆಗೆದು ಮೂಸ್ತಿದ್ದೆ. ಗಾಳಿ ತಾಗಿದ್ರೆ ಹೋಗುತ್ತೆ ಕಣೇ ಅಂತ ಅಮ್ಮ ಬೈತಿದ್ಳು. ನಾನೇ ಅಣ್ಣನ್ನ ಮೂಸಿ ಮೂಸಿ ಮುಗಿಸ್ಬಿಟ್ಟೆ… ನೀನು ಬಟ್ಟೆ ವಿಷಯ ತಿಳಿದೋಳು, ಹೇಳು. ಗಾಳಿಗೆ ಹಾಗಾಗುತ್ತಾ?"

ನನ್ನನ್ನೇ ನೋಡುತ್ತಿದ್ದರು.

"ಆಗುತ್ತೆ ಅಮ್ಮ" ಅಂದೆ. ಅಂದುಬಿಟ್ಟೆ. ಇನ್ನು ಯಾವ ಬಾಯಲ್ಲಿ —