ಅವ್ವ ಹೊಲಿದ ಕೊನೆಯ ಕೌದಿ

ಜೈಸಲ್ಮೇರ್, ಕೋಟೆ ಓಣಿ

ಅವ್ವಾ,

ನಿನ್ನ ಧಾಪು ಮಾಡುವ ನಮಸ್ಕಾರ. ನೀನು ಕನ್ನಡಿ ಚೂರು ಕೂರಿಸಿ ಹೊಲಿದು ಕಳಿಸಿದ ಕೌದಿಗಳೆಲ್ಲ ಮಾರಿಹೋದವು. ಹೇಗೆಂದು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅಂಗಡಿಗೆ ಬಂದ ಪ್ರವಾಸಿಗರಿಗೆಲ್ಲ ಮಾವ, "ಇದನ್ನ ಹೊಲಿದ ಮುದುಕಿ ತೀರ್ಕೊಂಡ್ಲು, ಇದೇ ಕೊನೇದು" ಎನ್ನುತ್ತಿದ್ದರು. ಸೊಸೆಯಾದ ನಾನು ಹಿಂದೆ ಮುಸುಕು ಹಾಕಿಕೊಂಡು ಬಟ್ಟೆ ಮಡಚುತ್ತಿರುತ್ತಿದ್ದೆ.

ಮೊನ್ನೆ ಕೋಲ್ಕತ್ತಾದ ಹೆಂಗಸೊಬ್ಬರು ಮಗಳ ಮದುವೆಗೆಂದು ಕೌದಿ ಆರಿಸಿ, ಮಾವನ ಮಾತಿಗೆ ಕಣ್ಣೊರೆಸಿಕೊಂಡು, "ಪಾಪ, ಅವರಿಗೆ ಮಕ್ಕಳಿದ್ದಾರಾ?" ಎಂದರು. ಮಾವನೆದುರು ಎಂದೂ ಬಾಯಿ ತೆರೆಯದ ನಾನು, "ಸತ್ತಿಲ್ಲ ದೀದಿ, ನಾನೇ ಮಗಳು. ಅವ್ವಂಗೆ ಮಂಡಿನೋವು, ಅಷ್ಟೇ" ಎಂದುಬಿಟ್ಟೆ.

ಆಕೆಯ ಕಣ್ಣೀರು ಥಟ್ಟನೆ ನಿಂತಿತು. "ಬದುಕಿದ್ದಾರಾ? ಹಾಗಾದ್ರೆ ಇಷ್ಟು ಬೆಲೆ ಯಾಕ್ರೀ?" ಎಂದು ಜಗ್ಗಾಡಿ ಅರ್ಧಕ್ಕೇ ಒಯ್ದರು.

ಮಾವ ಬೈಯಲಿಲ್ಲ. ಸಂಜೆ ರೊಟ್ಟಿ ಮುರಿಯುತ್ತಾ, "ನಿಮ್ಮವ್ವನ ಜೀವ ನಂಗೆ ದುಬಾರಿ ಬಿತ್ತಲ್ಲವ್ವಾ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ಕೌದಿಯನ್ನು ಯಾರ ಕೈಲೂ ಕಳಿಸಬೇಡ, ನೀನೇ ತಾ. ಬಸ್ಸಿನ ಹತ್ತಿರ ನಾನು ಬರುತ್ತೇನೆ. ನೀನು ಸತ್ತೆ ಎಂಬುದನ್ನು ದಿನಾ ಕೇಳಿ ಕೇಳಿ, ಒಮ್ಮೆ ನಿನ್ನ ಕೈ ಹಿಡಿದುಕೊಂಡು ಕೂರಬೇಕೆನಿಸಿದೆ.

ನಿನ್ನ ಮಗಳು,
ಧಾಪು