ಅಮ್ಮನ ಹಳೆಯ ದನಿ

ಮಾರ್ಚ್ ೩, ಬೆಳಿಗ್ಗೆ

ಲೈಬ್ರರಿ ತೆರೆಯುವ ಮೊದಲೇ ಎಲ್ಲ ಕಂಪ್ಯೂಟರಿಗೂ ಅಪ್‌ಡೇಟ್ ಹಾಕಿದೆ. ಕಪ್ಪು ಪರದೆ, ಸಾಲು ಸಾಲು ಅಕ್ಷರ. ಬೇಡದ ಪ್ಯಾಕೇಜುಗಳನ್ನು, ಅಂದರೆ ಕೆಲಸಕ್ಕೆ ಬಾರದ ಪ್ರೋಗ್ರಾಂಗಳನ್ನು, ತೆಗೆಯಲೇ ಅಂತ ಕೇಳಿತು. ಓದಿದೆ, ಆಮೇಲೆ ಹೌದು ಎನ್ನಲು ವೈ ಒತ್ತಿದೆ. ಓದದೆ ಒತ್ತುವವರನ್ನು ಕಂಡರೆ ಮೈ ಉರಿಯುತ್ತದೆ.

ಸಂಜೆ ಅಣ್ಣ ಬರುತ್ತಾನಂತೆ, ಅಮ್ಮನ ಕಂಪ್ಯೂಟರ್ ಕ್ಲೀನ್ ಮಾಡಲು. ಬ್ಯಾಂಕಿನ ಕಂಪ್ಯೂಟರ್ ವಿಭಾಗಕ್ಕೆಲ್ಲ ಅವನೇ ದೊಡ್ಡವನು. ಅಮ್ಮನಿಗೆ ಮಾತ್ರ ಇನ್ನೂ ಗುಂಡ. ಎದ್ದಾಗಿನಿಂದ ಬಾಗಿಲು ನೋಡುತ್ತ ಕೂತಿದ್ದಳು. ನಾನು ಹೊರಟಿದ್ದೂ ಗೊತ್ತಾಗಲಿಲ್ಲ.

ಮಾರ್ಚ್ ೩, ಸಂಜೆ

ನಾನು ಮನೆ ತಲುಪುವಷ್ಟರಲ್ಲಿ ಕೆಲಸ ಮುಗಿಸಿ ಟೀ ಕುಡಿಯುತ್ತಿದ್ದ, ಮಹಾರಾಯ. ಅಮ್ಮನ ದನಿಯನ್ನೇ ತೆಗೆದುಹಾಕಿದ್ದಾನೆ. ಗಂಟಲಿನ ಆಪರೇಷನ್ ಆಗಿ ಮಾತು ಹೋದಮೇಲೆ, ಅಮ್ಮ ಟೈಪ್ ಮಾಡಿದ್ದನ್ನು ಓದಿ ಹೇಳುತ್ತಿದ್ದ ಪ್ಯಾಕೇಜ್ ಅದು. ಗೊರಗೊರ ದನಿ, ನಿಜ. ಆದರೆ ಇಷ್ಟು ವರ್ಷ ನನ್ನನ್ನು ಬೈದದ್ದು, ಜ್ವರ ಬಂದಾಗ ಗದರಿಸಿ ಮಲಗಿಸಿದ್ದು ಅದೇ ದನಿ.

"ನನ್ನ ಮಕ್ಕಳು ಹೆದರ್ಕೋತಾರೆ ಕಣೇ. ಅಜ್ಜಿ ದೆವ್ವದ ಥರ ಮಾತಾಡ್ತಾರೆ ಅಂತಾರೆ. ಹೊಸದು ಕೇಳು, ಎಷ್ಟು ನೀಟಾಗಿದೆ."

ಕೇಳಿದೆ. ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುವ ಹುಡುಗಿಯ ದನಿ.

"ರಿಮೂವ್ ಮಾಡಿದ್ಯೋ, ಪರ್ಜ್ ಮಾಡಿದ್ಯೋ?"

"ಪರ್ಜ್. ಕಸ ಯಾಕೆ ಉಳೀಬೇಕು?"

ರಿಮೂವ್ ಅಂದರೆ ಪ್ರೋಗ್ರಾಂ ಮಾತ್ರ ಹೋಗುತ್ತದೆ, ಸೆಟ್ಟಿಂಗ್ ಉಳಿಯುತ್ತದೆ. ಪರ್ಜ್ ಅಂದರೆ ಎಲ್ಲವೂ ಗುಡಿಸಿ ಹಾಕಿದ ಹಾಗೆ. ಅಮ್ಮ ಒಂದೇ ಬೆರಳಲ್ಲಿ ಟೈಪ್ ಮಾಡುವವಳು. ದಿನಾ ಆಡುವ ಮಾತುಗಳನ್ನು ಒಂದೊಂದು ಕೀಗೆ ಸೇರಿಸಿಟ್ಟುಕೊಂಡಿದ್ದಳು. ಒಂದು ಒತ್ತಿದರೆ "ಕಾಲು ಒರೆಸ್ಕೊಂಡು ಒಳಗೆ ಬಾ." ಇನ್ನೊಂದು ಒತ್ತಿದರೆ "ನೀನು ಯಾವಾಗ್ಲೂ ಹೀಗೇ." ಅದು ನನಗೆಂದೇ ಮೀಸಲು. ಸೆಟ್ಟಿಂಗಿನಲ್ಲಿದ್ದ ಆ ಮಾತುಗಳೇ ಅವನಿಗೆ ಕಸ.

ಮಾರ್ಚ್ ೪

ಲೈಬ್ರರಿಯ ಪ್ರತಿ ಮಷೀನಿಗೂ ಬ್ಯಾಕಪ್ ಇದೆ. ಅಮ್ಮನದಕ್ಕಿಲ್ಲ. ಭಾನುವಾರ ಮಾಡಿದರಾಯ್ತು, ಭಾನುವಾರ ಮಾಡಿದರಾಯ್ತು... ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು.

ಹಳೆಯ ದನಿಯನ್ನು ಮತ್ತೆ ಹಾಕಲು ಇನ್‌ಸ್ಟಾಲ್ ಕಮಾಂಡ್ ಕೊಟ್ಟೆ. ಅಂಥ ಪ್ಯಾಕೇಜೇ ಇಲ್ಲ ಅಂತು. ಹಳೆಯದಾಯಿತೆಂದು ಯಾವಾಗಲೋ ಸರ್ವರಿನಿಂದಲೂ ತೆಗೆದಿದ್ದಾರೆ.

ಮಾರ್ಚ್ ೯

ಅಮ್ಮ ಹೊಸ ದನಿ ಮುಟ್ಟುತ್ತಿಲ್ಲ. ಸ್ಪೀಕರ್ ಮೇಲೆ ಟವೆಲ್ ಹೊದಿಸಿದ್ದಾಳೆ. ನೀರು ಬೇಕೆಂದರೆ ಲೋಟ ತೋರಿಸುತ್ತಾಳೆ. ಅಣ್ಣನಿಗೆ ಫೋನ್ ಮಾಡಿದೆ.

"ಅಭ್ಯಾಸ ಆಗುತ್ತೆ ಬಿಡು. ನೀನೇ ಸುಮ್ನೆ ತಲೆಗೆ ಹಚ್ಕೊಂಡಿದ್ದೀಯ."

ಅವನಿಗೇನು. ಮಾತಿಲ್ಲದೆ ಎದುರುಬದುರು ಕೂತು ಊಟ ಮಾಡುವವಳು ನಾನು. ಫೋನ್ ಇಟ್ಟೆ. ತುಂಬಾ ಸಿಟ್ಟು ಬಂತು.

ಮಾರ್ಚ್ ೨೭

ಹಳೆಯ ದನಿ ಸಿಕ್ಕಿತು! ಆಸ್ಪತ್ರೆಯಲ್ಲಿ ಅಮ್ಮನಿಗೆ ಟೈಪ್ ಮಾಡಿ ಮಾತಾಡುವುದನ್ನು ಕಲಿಸಿದ್ದ ಟೀಚರ್ ಹತ್ತಿರ, ಮೂಲೆಗೆ ಸೇರಿದ್ದ ಮಷೀನಿನಲ್ಲಿ. ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು.

"ಇದನ್ನ ಈಗ ಯಾರು ಕೇಳ್ತಾರಮ್ಮ?"

"ನಮ್ಮಮ್ಮ" ಅಂದೆ.

ಮಾರ್ಚ್ ೨೮, ಸಂಜೆ

ಅಮ್ಮನ ಕಂಪ್ಯೂಟರ್ ನೂರೆಂಟು ತಕರಾರು ಮಾಡಿ ಕೊನೆಗೆ ದಾರಿಗೆ ಬಂತು. ಇದನ್ನು ಹಾಕಬೇಕಾದರೆ ಹೊಸ ದನಿಯನ್ನು ತೆಗೆಯಬೇಕು, ಒಪ್ಪಿಗೆಯೇ ಅಂತ ಕೇಳಿತು. ಅಮ್ಮನಿಗೆ ಓದಿ ಹೇಳಿದೆ. ಕುರ್ಚಿ ಎಳೆದುಕೊಂಡು ಬಂದು ತಾನೇ ವೈ ಒತ್ತಿದಳು.

ಗೊರಗೊರ ದನಿ ಬಂತು. ಅತ್ತುಬಿಟ್ಟೆ. ಅಮ್ಮ ನನ್ನ ತಲೆ ಸವರಿದಳು. ಆದರೆ ಕೀಗಳೆಲ್ಲ ಖಾಲಿ.

"ಮೊದಲಿಂದ ಸೇರಿಸೋಣಮ್ಮ. ಒಂದನೇ ಕೀಗೆ ಯಾವ ಮಾತು ಹಾಕ್ಲಿ?"

ಬೈಗುಳವಾದರೂ ಸರಿ, ನನಗೆ ಹೇಳುವ ಮಾತೇ ಇರುತ್ತದೆ ಅಂದುಕೊಂಡಿದ್ದೆ. ಇಷ್ಟು ದಿನ ಅಲೆದವಳು ನಾನು.

ಅಮ್ಮ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದಳು. ಸೇವ್ ಮಾಡಿಕೊಟ್ಟೆ. ಒಂದನೇ ಕೀ ಒತ್ತಿದಳು.

"ಗುಂಡಾ, ಯಾವಾಗ ಬರ್ತೀಯೋ?"

ಮುಖದಲ್ಲಿ ಎಷ್ಟು ಖುಷಿ. ನೋಡಲಾಗಲಿಲ್ಲ.

"ಎರಡನೇದಕ್ಕೆ?" ಅಂದೆ. ಕೀಬೋರ್ಡ್ ಬಿಟ್ಟು ಫೋನ್ ತೋರಿಸಿದಳು. ಅವನಿಗೆ ಈಗಲೇ ಕೇಳಿಸಬೇಕಂತೆ. ಫೋನ್ ಹಚ್ಚಿ ಸ್ಪೀಕರ್ ಪಕ್ಕ ಇಟ್ಟು ಇಲ್ಲಿ ಬಂದು ಡೈರಿ ಹಿಡಿದು ಕೂತೆ. ರಿಂಗ್ ಆಗುತ್ತಿದೆ. ಅಮ್ಮ ಒಂದನೇ ಕೀ ಮೇಲೆ ಬೆರಳಿಟ್ಟು ಕಾಯುತ್ತಿದ್ದಾಳೆ. ಅವನು ಎತ್ತುತ್ತಿಲ್ಲ. ಮತ್ತೆ ಮಾಡು ಅಂತ ಸನ್ನೆ ಮಾಡುತ್ತಿದ್ದಾಳೆ. ಮಾಡುತ್ತೇನಮ್ಮ, ಇನ್ನೊಂದು ಸಲ, ಇದೊಂದು ಸಲ—